ಮುತ್ಯಾನ ಬಿಲ್ಲು ಯಾಕೆ ಸೀಳಿತು?

ಕಳೆದ ದಸರಾ ರಜೆಯಲ್ಲಿ ನಾವು ನಾಲ್ಕು ಜನ ನಮ್ಮ ಗೆಳೆಯನ ಊರು ಹಳ್ಳಿಖೇಡ (ಬಿ)ಗೆ ಹೋಗಿದ್ವಿ. ಬೀದರ್ ಜಿಲ್ಲೆ, ಹುಮನಾಬಾದ್ ತಾಲೂಕು. ಆಯುಧ ಪೂಜೆಗೆ ಕುಡಗೋಲು, ಕೊಡಲಿ, ಬೈಕು ಎಲ್ಲದರ ಜೊತೆ ಒಂದು ಬಿದಿರಿನ ಬಿಲ್ಲೂ ಇಟ್ಟಿದ್ರು. ಅವರ ಮುತ್ಯಾನ ಅಪ್ಪನ ಕಾಲದ್ದು. ಪೂಜೆ ಮುಗಿದ ಮೇಲೆ ನಾವು ಅದಕ್ಕೆ ಹೆದೆ ಏರಿಸಿದ್ವಿ. ಬಾಣ ಇರಲಿಲ್ಲ. ಸುಮ್ನೆ ಪೂರ್ತಿ ಎಳೆದು ಬಿಟ್ವಿ. ಫಟ್ ಅಂತ ಸದ್ದು. ಹಿಡಿಯ ಮೇಲೆ ಒಂದು ಗೇಣು ಉದ್ದ ಸೀಳು.

ಮುತ್ಯಾ ಬೈಯಲಿಲ್ಲ. ಬಿಲ್ಲನ್ನ ಕೈಯಲ್ಲಿ ತೊಗೊಂಡು ಸವರಿ ನೋಡಿದ್ರು. "ಖಾಲಿ ಬಿಡಬಾರ್ದ್ರೋ ತಮ್ಮಾ. ಬಾಣ ಇರ್ಲಿಲ್ಲಂದ್ರ ಆ ಏಟು ಬಿಲ್ಲಿಗೇ ಬೀಳ್ತದ" ಅಂದ್ರು, ಅಷ್ಟೇ. ಅವರು ಬೈದಿದ್ರೇ ಚೆನ್ನಾಗಿತ್ತು ಅನ್ನಿಸಿತು. ಮೊದಲ ವರ್ಷ ಪೂರ್ತಿ ಫಿಸಿಕ್ಸ್, ಮೆಕ್ಯಾನಿಕ್ಸ್ ಓದಿ ಪಾಸಾದ ನಮಗೆ ಹೊಳೆಯದ್ದನ್ನ ಅವರು ಒಂದೇ ಮಾತಲ್ಲಿ ಹೇಳಿದ್ರು. ಆ ಮಾತಿನ ಲೆಕ್ಕ ಏನು, ಆ ಬಿಲ್ಲು ಹೇಗೆ ಕೆಲಸ ಮಾಡ್ತಿತ್ತು ಅಂತ ವಾಪಸ್ ಬಂದು ಓದಿಕೊಂಡ್ವಿ. ತಿಳಿದಷ್ಟನ್ನ ಇಲ್ಲಿ ಬರೀತಾ ಇದ್ದೇವೆ.

ಲೆಕ್ಕ

ಬಿಲ್ಲು ಅಂದ್ರೆ ಒಂದು ಸ್ಪ್ರಿಂಗ್. ನಮ್ಮ ತೋಳು ನಿಧಾನವಾಗಿ ಕೊಟ್ಟ ಎನರ್ಜಿಯನ್ನ ಅದು ಕೂಡಿಟ್ಟುಕೊಂಡು ಒಮ್ಮೆಲೇ ವಾಪಸ್ ಕೊಡುತ್ತೆ. ಒಂದು ಅಂದಾಜು ಮಾಡೋಣ. ಹೆದೆಯನ್ನ ಅರ್ಧ ಮೀಟರ್ ಎಳೆದಾಗ ಬಲ ಸೊನ್ನೆಯಿಂದ 150 ನ್ಯೂಟನ್‌ವರೆಗೆ ಒಂದೇ ಸಮ ಏರುತ್ತೆ ಅಂತ ಇಟ್ಟುಕೊಳ್ಳಿ. 150 ನ್ಯೂಟನ್ ಅಂದ್ರೆ ಸುಮಾರು 15 ಕೆಜಿ ತೂಕ ಎತ್ತಿದ ಹಾಗೆ. ಕೂಡಿಟ್ಟ ಎನರ್ಜಿ ½ × 150 × 0.5, ಅಂದ್ರೆ 37.5 ಜೂಲ್. ಅದರಲ್ಲಿ ಶೇ. 60ರಷ್ಟು ಬಾಣಕ್ಕೆ ಹೋದರೆ 22.5 ಜೂಲ್. ಬಾಣದ ತೂಕ 30 ಗ್ರಾಂ ಆದರೆ ವೇಗ ಸೆಕೆಂಡಿಗೆ ಸುಮಾರು 39 ಮೀಟರ್. ಗಂಟೆಗೆ 140 ಕಿ.ಮೀ.! ನಮ್ಮ ಜಾವಗಲ್ ಶ್ರೀನಾಥ್ ಎಸೆತದ ಹತ್ತಿರ ಹತ್ತಿರ.

ಈಗ ಬಾಣ ತೆಗೆದುಬಿಡಿ. ಆ 22.5 ಜೂಲ್ ಎಲ್ಲಿಗೆ ಹೋಗಬೇಕು? ಹೊತ್ತುಕೊಂಡು ಹೋಗೋರು ಯಾರೂ ಇಲ್ಲ. ಪೂರ್ತಿ 37.5 ಜೂಲ್ ಬಿಲ್ಲಿನ ಕೈಗಳಿಗೆ, ಹೆದೆಗೆ ಬಡಿಯುತ್ತೆ. ಹೊಸ ಬಿಲ್ಲೇ ಇದನ್ನ ತಡೆಯೋದು ಕಷ್ಟ. ಒಣಗಿ ಗರಿಗರಿಯಾಗಿದ್ದ ಹಳೇ ಬಿದಿರು ಸೀಳಿತು. ಮುತ್ಯಾ ಹೇಳಿದ್ದು ಇದನ್ನೇ.

ಒಂದೊಂದು ಭಾಗ

ಮೊದಲು ಬಿದಿರು. ಬೀದರ್ ಅನ್ನೋ ಹೆಸರೇ ಬಿದಿರಿನಿಂದ ಬಂತು ಅಂತ ಆ ಕಡೆ ಹೇಳ್ತಾರೆ. ಬಿಲ್ಲು ಎಳೆದಾಗ ಗುರಿಯ ಕಡೆ ಇರೋ ಮೈ ಹಿಗ್ಗುತ್ತೆ, ನಮ್ಮ ಕಡೆ ಇರೋ ಮೈ ಕುಗ್ಗುತ್ತೆ. ಒಂದು ಕಡೆ ಟೆನ್ಷನ್, ಇನ್ನೊಂದು ಕಡೆ ಕಂಪ್ರೆಷನ್. ಬಿದಿರಿನಲ್ಲಿ ನಾರು ಹೊರಸಿಪ್ಪೆಯ ಹತ್ತಿರ ದಟ್ಟವಾಗಿ ಇರುತ್ತೆ, ಒಳಗೆ ಹೋದಂತೆ ಕಡಿಮೆ ಆಗುತ್ತೆ. ಮುತ್ಯಾನ ಬಿಲ್ಲಿನಲ್ಲಿ ಸಿಪ್ಪೆ ಗುರಿಯ ಕಡೆ ಇದೆ. ಟೆನ್ಷನ್ ಬೀಳೋ ಜಾಗದಲ್ಲೇ ಗಟ್ಟಿ ನಾರು! ಬೀಮ್ ಬಗ್ಗೆ ನಾವು ಈ ವರ್ಷ ಓದ್ತಾ ಇರೋದು ಇದನ್ನೇ.

ಆಮೇಲೆ ಹೆದೆ. ಅವರ ಕಡೆ ಮಾತಲ್ಲಿ 'ಹೆದಿ'. ಪ್ರತಿ ದಸರಾಕ್ಕೆ ಮುತ್ಯಾ ಪುಂಡಿ ನಾರಿನಿಂದ ಹೊಸದು ಹೊಸೀತಾರೆ. ಪಲ್ಯ ಮಾಡಿ ರೊಟ್ಟಿ ಜೊತೆ ತಿನ್ನೋ ಅದೇ ಪುಂಡಿ. ಹೆದೆ ಹೆಚ್ಚು ಹಿಗ್ಗಬಾರದು. ಹಿಗ್ಗಿದಷ್ಟೂ ಎನರ್ಜಿ ವ್ಯರ್ಥ. ಭಿಲ್ಲರಂಥ ಸಮುದಾಯಗಳಲ್ಲಿ ಬಿದಿರಿನ ಸೀಳನ್ನೇ ಹೆದೆ ಮಾಡಿಕೊಳ್ತಿದ್ರು. ಕೆಲಸ ಮುಗಿದ ಕೂಡಲೇ ಹೆದೆ ಇಳಿಸಬೇಕು. ಯಾವಾಗಲೂ ಬಗ್ಗಿಸಿಟ್ಟರೆ ಬಿಲ್ಲು ಹಾಗೇ ಬಾಗಿ ಉಳಿದು ಬಲ ಕಳ್ಕೊಳ್ಳುತ್ತೆ. ನಾವು ಇದನ್ನ 'ಕ್ರೀಪ್' ಅಂತ ಓದ್ತೀವಿ.

ಇನ್ನು ಬಾಣ. ಡೊಂಕಾದ ಕಡ್ಡಿಯನ್ನ ಕೆಂಡದ ಮೇಲೆ ಬಿಸಿ ಮಾಡಿ ನೆಟ್ಟಗೆ ಮಾಡ್ತಿದ್ರಂತೆ. ಮೊಲಕ್ಕೆ ಕಬ್ಬಿಣದ ಅಲಗು, ಹಕ್ಕಿಗೆ ಮೊಂಡು ತುದಿ. ಹಿಂದೆ ಗರಿ. ಗಾಳಿ ಗರಿಯನ್ನ ಹಿಂದಕ್ಕೆ ತಳ್ಳೋದ್ರಿಂದ ಬಾಣದ ಮೂತಿ ಮುಂದೇ ಇರುತ್ತೆ. ನಮಗೆ ಆಶ್ಚರ್ಯ ಆದ ವಿಷಯ ಒಂದಿದೆ. ಬಿಟ್ಟ ಬಾಣ ನೆಟ್ಟಗೆ ಹೊರಡೋದೇ ಇಲ್ಲ, ಬಿಲ್ಲಿನ ಪಕ್ಕದಲ್ಲಿ ಮೀನಿನ ಹಾಗೆ ಬಳುಕಿಕೊಂಡು ದಾಟುತ್ತೆ. ಕಡ್ಡಿ ಬಹಳ ಬಿರುಸಾದರೂ ಬಹಳ ಮೆತ್ತಗಾದರೂ ಗುರಿ ತಪ್ಪುತ್ತೆ. ಅಂದ್ರೆ ಪ್ರತಿ ಬಿಲ್ಲಿಗೂ ಅದಕ್ಕೆ ಹೊಂದೋ ಬಾಣವೇ ಬೇಕು. ಯಾವ ಮೀಟರೂ ಇಲ್ಲದೆ ಬೆರಳಲ್ಲಿ ಬಗ್ಗಿಸಿ ನೋಡಿ ಇದನ್ನ ಆರಿಸ್ತಿದ್ರು.

ಬಿಲ್ಲಿನ ನೆಂಟರು

ಬೇಟೆಗೆ ಬಿಲ್ಲೊಂದೇ ಇರಲಿಲ್ಲ. ಎರಡು ಹೆದೆ ಕಟ್ಟಿ, ನಡುವೆ ತುಂಡು ಬಟ್ಟೆ ಇಟ್ಟು ಮಣ್ಣಿನ ಉಂಡೆ ಹೊಡೆಯೋ ಬಿಲ್ಲು ಇತ್ತು. ಉತ್ತರದ ಕಡೆ ಅದಕ್ಕೆ ಗುಲೇಲ್ ಅಂತಾರೆ. ಬಿಡುವಾಗ ಮಣಿಕಟ್ಟು ತಿರುಗಿಸದಿದ್ರೆ ಉಂಡೆ ನಮ್ಮ ಹೆಬ್ಬೆರಳಿಗೇ ಬೀಳುತ್ತೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ. ಉರುಲು ಹಾಕಿ ಹಿಡಿಯೋರು ಬೇರೆ. ಫಾಸೆ ಪಾರ್ಧಿ ಅನ್ನೋ ಸಮುದಾಯದ ಹೆಸರಿನಲ್ಲೇ ಉರುಲು ಅನ್ನೋ ಅರ್ಥ ಇದೆ. ಸುಲ್ತಾನರ ಸೈನ್ಯಗಳಲ್ಲಿ ಇದ್ದದ್ದು ಮರದ ಒಳಭಾಗಕ್ಕೆ ಕೊಂಬು, ಹೊರಭಾಗಕ್ಕೆ ಪ್ರಾಣಿಯ ನರ ಅಂಟಿಸಿದ ಕಾಂಪೊಸಿಟ್ ಬಿಲ್ಲು. ಬಹಳ ಬಲ, ಆದರೆ ಮಳೆಗಾಲದ ತೇವಕ್ಕೆ ಅಂಟು ಬಿಡ್ತಿತ್ತು. ಬಡವನ ಬಿದಿರಿಗೆ ಆ ಚಿಂತೆ ಕಡಿಮೆ.

ಪಕ್ಕದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ 'ಮಾನಸೋಲ್ಲಾಸ' ಬರೆದಾಗ ಬೇಟೆಯನ್ನ ರಾಜರ ವಿನೋದಗಳಲ್ಲಿ ಸೇರಿಸಿದ. ಬೇಡರಿಗೆ ಅದು ವಿನೋದ ಆಗಿರಲಿಲ್ಲ, ಊಟ ಆಗಿತ್ತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಹಲಗಲಿ ಬೇಡರು ಯಾಕೆ ತಿರುಗಿಬಿದ್ರು ಅಂತ ಹೈಸ್ಕೂಲಿನಲ್ಲಿ ಕೇವಲ ಮಾರ್ಕ್ಸಿಗೆ ಓದಿದ್ವಿ. ಈಗ ಸ್ವಲ್ಪ ಅರ್ಥ ಆಯ್ತು.

ಈಗ ಬೇಟೆ ಇಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಆಯುಧ' ಅನ್ನೋ ಪದದ ವಿವರಣೆಯಲ್ಲಿ ಬಿಲ್ಲು ಬಾಣವನ್ನೂ ಹೆಸರಿಸಿದೆ. ಅದು ಸರಿಯೇ. ಬೀದರ್ ಕಡೆಯ ಬಯಲಿನಲ್ಲಿ ಕೃಷ್ಣಮೃಗ ಇವತ್ತಿಗೂ ಉಳಿಯಬೇಕಾದರೆ ಬೇಟೆ ನಿಲ್ಲಲೇಬೇಕಿತ್ತು. ನಾವು ಯಾರೂ ಮತ್ತೆ ಬೇಟೆ ಆಡೋಣ ಅಂತ ಹೇಳ್ತಿಲ್ಲ. ಅಮೆರಿಕದಲ್ಲಿ ಅಲೆನ್ ಅನ್ನೋರು 1969ರಲ್ಲಿ ಪೇಟೆಂಟ್ ಪಡೆದ, ಗಾಲಿ ಇರೋ ಕಾಂಪೌಂಡ್ ಬಿಲ್ಲಿನ ಬಗ್ಗೆ ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತೆ. ಮುತ್ಯಾನ ಬಿಲ್ಲಿನ ವಿವರ ಇರೋದು ಮುತ್ಯಾನ ತಲೆಯಲ್ಲಿ ಮಾತ್ರ. ಅವರಿಗೀಗ ಎಂಬತ್ತು ದಾಟಿದೆ.

ಅವತ್ತು ಸಂಜೆ ಸೀಳಿಗೆ ಅಂಟು ಹಾಕಿ ಪುಂಡಿ ನಾರನ್ನೇ ಬಿಗಿಯಾಗಿ ಸುತ್ತಿದ್ವಿ. ಹೇಗೆ ಸುತ್ತಬೇಕು ಅಂತ ಮುತ್ಯಾನೇ ತೋರಿಸಿಕೊಟ್ರು. ಇನ್ನು ಅದನ್ನ ಎಳೆಯೋಕಾಗಲ್ಲ, ಪೂಜೆಗೆ ಇಡಬಹುದು ಅಷ್ಟೇ. ಹೊರಡುವಾಗ ಅವರು, "ಮುಂದಿನ ದಸರಾಕ್ಕ ಬರ್ರಿ, ಹೊಸಾ ಬಿದರ ತರ್ರಿ, ಮಾಡೋದು ತೋರಿಸ್ತೀನಿ" ಅಂದ್ರು. ನಾವು ಹೋಗ್ತಾ ಇದ್ದೇವೆ. ಈ ಸಲ ಅಳತೆ ಪಟ್ಟಿ, ನೋಟ್‌ಬುಕ್ ಜೊತೆ. ನಿಮ್ಮ ಮನೆಯ ಗೋಡೆ ಮೇಲೂ ಇಂಥದ್ದು ಏನಾದರೂ ಇದ್ರೆ ಮುಟ್ಟೋಕೆ ಮುಂಚೆ ಒಂದು ಮಾತು ಹಿರಿಯರನ್ನ ಕೇಳಿ.