ಆಂಪ್ಲಿಫೈಯರ್‌ನ ಕೊನೆಯ ಕಾವಲುಗಾರ

ಆಂಪ್ಲಿಫೈಯರ್ ಹೊಸದು, ಸ್ಪೀಕರ್ ಹೊಸದು.
ಆದರೂ ಹಾಡು ಯಾಕೆ ಒರಟಾಗಿ ಕೇಳುತ್ತದೆ?

ಸ್ಪೀಕರ್ ವೈರಿನ ಪಕ್ಕದ ಪುಟ್ಟ ಕೆಪಾಸಿಟರ್ ಕಾರಣವಿರಬಹುದು.

ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡು ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತದೆ.
ಟಿಪಿಎ3116 ಚಿಪ್ಪಿನಲ್ಲಿ ಇದು ಸಾಮಾನ್ಯವಾಗಿ 400 ಕಿಲೋಹರ್ಟ್ಸ್.
ಕಿವಿಗೆ ಕೇಳುವುದು 20 ಕಿಲೋಹರ್ಟ್ಸ್‌ವರೆಗೆ ಮಾತ್ರ. ಉಳಿದದ್ದನ್ನು ಬೇರ್ಪಡಿಸಬೇಕು.

ನಾರಾಯಣಪುರದ ಬಸವಸಾಗರ ಅಣೆಕಟ್ಟು ನೋಡಿ.
ಬೇಕಾದ ನೀರು ಕಾಲುವೆಗೆ, ಹೆಚ್ಚಾದದ್ದು ಗೇಟ್ ದಾಟಿ ಕೃಷ್ಣೆಗೆ.
ಇಲ್ಲೂ ಹಾಗೆಯೇ. ಹಾಡು ಕಾಯಿಲ್ ದಾಟಿ ಸ್ಪೀಕರ್‌ಗೆ, ಉಳಿದ ಕಂಪನ ಕೆಪಾಸಿಟರ್ ಮೂಲಕ ಗ್ರೌಂಡ್‌ಗೆ.

ಹಾಗಾದರೆ ಯಾವ ಕೆಪಾಸಿಟರ್ ಹಾಕಬೇಕು?

ಎಲೆಕ್ಟ್ರೋಲಿಟಿಕ್ ಬೇಡ. ಇಷ್ಟು ವೇಗಕ್ಕೆ ಅದು ಒಗ್ಗದು, ಬಿಸಿಯಾಗುತ್ತದೆ.
ಯಾದಗಿರಿಯ ಬೇಸಿಗೆಯೇ 40 ಡಿಗ್ರಿ ದಾಟುತ್ತದೆ. ಡಬ್ಬಿಯೊಳಗೆ ಇನ್ನೂ ಹೆಚ್ಚು.

ಎಕ್ಸ್7ಆರ್ ಸೆರಾಮಿಕ್ ಅಗ್ಗ, ಚಿಕ್ಕದು. ಆದರೆ ವೋಲ್ಟೇಜ್ ಏರಿದಂತೆ ಅದರ ಸಾಮರ್ಥ್ಯ ಕುಗ್ಗುತ್ತದೆ. ದನಿ ಕೆಡುವುದು ಅಲ್ಲೇ.

ಫಿಲ್ಮ್ ಕೆಪಾಸಿಟರ್ ಸ್ಥಿರ. ಪಾಲಿಪ್ರೊಪಿಲೀನ್ ಸಿಕ್ಕರೆ ಉತ್ತಮ.

4 ಓಮ್ ಸ್ಪೀಕರ್‌ಗೆ 10 ಮೈಕ್ರೋಹೆನ್ರಿ ಕಾಯಿಲ್ ಜತೆ 0.68 ಮೈಕ್ರೋಫ್ಯಾರಡ್ ರೂಢಿಯ ಜೋಡಿ.
ಫಿಲ್ಟರಿನ ಗಡಿ ಸುಮಾರು 61 ಕಿಲೋಹರ್ಟ್ಸ್‌ಗೆ ಬೀಳುತ್ತದೆ: ಹಾಡಿಗಿಂತ ಮೇಲೆ, ಸ್ವಿಚಿಂಗ್‌ಗಿಂತ ಬಹಳ ಕೆಳಗೆ.

ಸಪ್ಲೈ 24 ವೋಲ್ಟ್ ಇದ್ದರೆ, ಅಂಗಡಿಯಲ್ಲಿ 63 ಅಥವಾ 100 ವೋಲ್ಟಿನದ್ದು ಕೇಳಿ.