ಕಂಬದ ಬೆನ್ನಿಗೆ ಬಿದ್ದ ಸುಳಿ

ಹಂಪಿಯ ವಿಠ್ಠಲ ದೇವಾಲಯದಲ್ಲಿ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುವವರ ನೂಕುನುಗ್ಗಲು. ಅದನ್ನು ದಾಟಿ ಹೊಳೆಯ ಕಡೆ ಇಳಿದರೆ ಪುರಂದರದಾಸರ ಮಂಟಪ ಸಿಗುತ್ತದೆ. ಅಲ್ಲಿ ತುಂಗಭದ್ರೆಯೊಳಗೆ ಸಾಲುಗಟ್ಟಿ ನಿಂತಿರುವ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯ ಉಳಿಕೆ. ಮೇಲಿನ ಹಾಸು ಎಂದೋ ಹೋಗಿದೆ. ನಾನು ಬಂದದ್ದು ಕಂಬ ನೋಡಲಿಕ್ಕಲ್ಲ, ಕಂಬದ ಹಿಂದಿನ ನೀರು ನೋಡಲಿಕ್ಕೆ.

ಜನವರಿಯ ಬೆಳಿಗ್ಗೆ, ಹೊಳೆ ಇಳಿದಿತ್ತು. ದಡದ ಸಮೀಪದ ಕಂಬವೊಂದರ ಮಗ್ಗುಲಿಗೆ ಬಂಡೆಯ ಮೇಲೆ ಕುಳಿತು ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಹರಿಗೋಲಿನ ಹಿರಿಯರೊಬ್ಬರು ಹುಟ್ಟು ಹಿಡಿದು ನಿಂತಿದ್ದರು.

“ಮೀನಿಗೇನ್ರಿ ಸಾರ್?”

“ಇಲ್ಲ ಯಜಮಾನ್ರೇ, ಸುಳಿ ನೋಡಬೇಕು.”

“ಅದರಾಗೇನು ನೋಡ್ತೀರಿ? ಕಂಬದ ಬೆನ್ನಿಗೆ ನೀರು ತಿರುಗಿ ಬರತೈತಿ. ಒಮ್ಮೆ ಈ ಕಡೆ ಎಳೀತೈತಿ, ಒಮ್ಮೆ ಆ ಕಡೆ. ನಾವು ಹರಿಗೋಲು ಆ ಕಡೆ ಬಿಡಂಗಿಲ್ರಿ.”

ಕಂಬಕ್ಕೆ ಮೇಲ್ಗಡೆ ಒಂದು ಹಿಡಿ ಮಂಡಕ್ಕಿ ಎರಚಿದೆ. ಬಿಳಿ ಕಾಳುಗಳು ಕಲ್ಲಿನ ಮುಖಕ್ಕೆ ಬಂದು ಎರಡಾಗಿ ಸೀಳಿಕೊಂಡವು. ಅಂಚು ದಾಟಿದ ಮೇಲೆ ಎರಡೂ ಸಾಲು ಕೂಡಿಕೊಳ್ಳಬೇಕಿತ್ತು, ಕೂಡಲಿಲ್ಲ. ಎಡದ ಸಾಲು ಸುರುಳಿ ಸುತ್ತಿ, ಹಿಗ್ಗಿ, ಕಳಚಿಕೊಂಡು ತೇಲಿಹೋಯಿತು. ಅದು ಹೋದ ಬೆನ್ನಿಗೇ ಬಲದಲ್ಲಿ ಇನ್ನೊಂದು, ಅದರ ತಿರುಗು ಎದುರು ದಿಕ್ಕಿಗೆ. ಕೆಲವು ಕಾಳುಗಳಂತೂ ಹೊಳೆಗೆ ಎದುರಾಗಿ ಬಂದು ಕಲ್ಲಿಗೇ ಅಂಟಿದವು. ಯಜಮಾನರು ಹೇಳಿದ ‘ತಿರುಗಿ ಬರೋ ನೀರು’ ಇದೇ.

ಕಲ್ಲಿಗೆ ತಾಗಿದ ನೀರಿನ ಪದರ ಕಲ್ಲಿಗೆ ಅಂಟಿ ನಿಧಾನವಾಗುತ್ತದೆ. ಅಂಚಿನಲ್ಲಿ ತಿರುವು ತೆಗೆದುಕೊಳ್ಳಲಾರದೆ ಕಂಬವನ್ನು ಬಿಟ್ಟು ಹೊರಗೆ ಹೋಗುತ್ತದೆ. ಆಚೆ ಓಡುವ ನೀರು, ಈಚೆ ಸುಮ್ಮನೆ ನಿಂತಂಥ ನೀರು. ಇವೆರಡರ ನಡುವೆ ಸಿಕ್ಕ ಪದರ ಸುರುಳಿ ಸುತ್ತದೆ ಇರಲಾರದು. ಒಂದು ಬದಿಯ ಸುಳಿ ದೊಡ್ಡದಾದಂತೆ ಎದುರು ಬದಿಯ ಪದರವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆ ಪದರ ಅಡ್ಡ ಬಂದು ಸುಳಿಗೆ ಬರುವ ಹರಿವನ್ನೇ ಕತ್ತರಿಸುತ್ತದೆ. ಸುಳಿ ಕಳಚಿಕೊಳ್ಳುತ್ತದೆ, ಸರದಿ ಎದುರು ಬದಿಗೆ ಹೋಗುತ್ತದೆ.

ಗಡಿಯಾರ ಹಿಡಿದೆ. ಎಡದ ಸುಳಿಯಿಂದ ಮತ್ತೆ ಎಡದ ಸುಳಿಗೆ ಹತ್ತಿರಹತ್ತಿರ 7 ಸೆಕೆಂಡು. ಕಂಬದ ಅಗಲ ಕಣ್ಣಳತೆಗೆ ಒಂದೂವರೆ ಅಡಿ, ನೀರಿನ ಓಟ ಸೆಕೆಂಡಿಗೆ ಅರ್ಧ ಮೀಟರಿನಷ್ಟು. ಸೆಕೆಂಡಿಗೆ ಎಷ್ಟು ಸುಳಿಜೋಡಿ ಎಂಬುದನ್ನು ಕಂಬದ ಅಗಲದಿಂದ ಗುಣಿಸಿ ನೀರಿನ ವೇಗದಿಂದ ಭಾಗಿಸಿದರೆ ಬರುವುದು ಸ್ಟ್ರೌಹಾಲ್ ಸಂಖ್ಯೆ. ಗಾಳಿಗೆ ತಂತಿ ಹಾಡುವುದನ್ನು 1878ರಲ್ಲಿ ಅಳೆದವರ ಹೆಸರು ಅದು. ಗುಂಡು ಕಂಬಕ್ಕೆ ಅದು ಸುಮಾರು 0.2, ಚೌಕ ಕಂಬಕ್ಕೆ 0.13ರ ಆಸುಪಾಸು. ನನ್ನ ಮಂಡಕ್ಕಿ ಲೆಕ್ಕವೂ 0.13ಕ್ಕೇ ಬಂದು ನಿಂತಿತು.

ಕಲ್ಲು ಒರಟಾಗಿದೆ, ಸೊಟ್ಟಗಿದೆ, ಅದಕ್ಕೇ ನೀರು ಹೀಗಾಡುತ್ತದೆ ಅನ್ನಿಸುವುದು ಸಹಜ. ಜರ್ಮನಿಯ ಗಟಿಂಗೆನ್‌ನಲ್ಲಿ 1911ರ ಹೊತ್ತಿಗೆ ದ್ರವಚಲನ ವಿಜ್ಞಾನಿ ಪ್ರಾಂಟ್ಲ್ ಅವರ ಶಿಷ್ಯ ಹೀಮೆಂಟ್ಸ್‌ಗೂ ಇದೇ ಅನುಮಾನ ಕಾಡಿತ್ತು. ಪ್ರಯೋಗದ ಕಾಲುವೆಯಲ್ಲಿಟ್ಟ ಸಿಲಿಂಡರನ್ನು ಎಷ್ಟು ನುಣುಪು ಮಾಡಿದರೂ, ಕಾಲುವೆಯನ್ನು ಎಷ್ಟು ಸರಿಪಡಿಸಿದರೂ ನೀರು ತೂಗಾಡುವುದು ನಿಲ್ಲಲಿಲ್ಲ. ಅದನ್ನು ದಿನವೂ ನೋಡುತ್ತಿದ್ದ ಥಿಯೊಡೋರ್ ಫಾನ್ ಕಾರ್ಮಾನ್ ಲೆಕ್ಕ ಹಾಕಿದರು. ಎರಡೂ ಬದಿಯ ಸುಳಿಗಳು ಎದುರುಬದುರಾಗಿ ಜೋಡಿಯಾಗಿ ಸಾಗಿದರೆ ಆ ಸಾಲು ಬಾಳದು, ಒಂದರ ನಂತರ ಒಂದು ಸರದಿಯಲ್ಲಿ ಬಂದರಷ್ಟೇ ನಿಲ್ಲುತ್ತದೆ. ತಪ್ಪು ಕಂಬದ್ದಾಗಿರಲಿಲ್ಲ, ಅದು ಹರಿವಿನ ಸ್ವಭಾವ.

ಆ ಸ್ವಭಾವ ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದಕ್ಕೂ ಅಳತೆಯಿದೆ. ಹರಿವಿನ ರಭಸ ಮತ್ತು ದ್ರವದ ಅಂಟುತನಗಳ ನಡುವಿನ ಅನುಪಾತವಾದ ರೆನಾಲ್ಡ್ಸ್ ಸಂಖ್ಯೆ ಗುಂಡು ಕಂಬದ ಹಿಂದೆ ಸುಮಾರು 47 ಮೀರಿದರೆ ಸಣ್ಣ ಅಲುಗಾಟವೂ ಬೆಳೆದು ತೂಗಾಟವಾಗುತ್ತದೆ. ಈ ಹೊಳೆಯಲ್ಲಿ ಗಟ್ಟಿ ಜೇನುತುಪ್ಪ ಇಷ್ಟೇ ವೇಗದಲ್ಲಿ ಹರಿದಿದ್ದರೆ ಸಂಖ್ಯೆ 30ರ ಸುತ್ತ ಇರುತ್ತಿತ್ತು, ಹಿಂದೆ ಎರಡು ಸುಳಿ ತೆಪ್ಪಗೆ ಕುಳಿತಿರುತ್ತಿದ್ದವು. ನೀರಾದ್ದರಿಂದ ಅದು ಎರಡು ಲಕ್ಷ ದಾಟುತ್ತದೆ.

ಒಂದು ಕಂಬದ ಸುಳಿ ಹಿಂದಿನ ಕಂಬಕ್ಕೆ ಬಡಿಯುವುದೂ ಇಲ್ಲಿ ಕಾಣುತ್ತದೆ. ಅದು ಬರೀ ಚಂದದ ನೋಟವಲ್ಲ. ಇಂಗ್ಲೆಂಡಿನ ಫೆರಿಬ್ರಿಡ್ಜ್ ವಿದ್ಯುತ್ ಸ್ಥಾವರದಲ್ಲಿ ಎಂಟು ಶೀತಕ ಗೋಪುರಗಳಿದ್ದವು. 1965ರ ನವೆಂಬರ್ 1ರ ಬಿರುಗಾಳಿಗೆ ಉರುಳಿದ ಮೂರೂ, ಬೇರೆ ಗೋಪುರಗಳ ಮರೆಯಲ್ಲಿ, ಗಾಳಿಯ ಕೆಳದಿಕ್ಕಿಗೆ ನಿಂತಿದ್ದವು. ಮುಂದಿನವು ಗಾಳಿಯನ್ನು ತಡೆದು ಕಾಪಾಡಲಿಲ್ಲ, ಕದಡಿ ಕಳಿಸಿದವು.

ಮಂಡಕ್ಕಿ ಮುಗಿಯಿತು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ಪುರಂದರದಾಸರ ಮಂಟಪವೇ ಮುಳುಗುತ್ತದೆ. ಆಗ ಇತ್ತ ಬರಬೇಡಿ. ಹೊಳೆ ಇಳಿದಾಗ ಬನ್ನಿ, ಬಂಡೆಯ ಮೇಲೆ ಕುಳಿತು ನೋಡಿ, ಆದರೆ ನೀರಿಗಿಳಿಯಬೇಡಿ. ಕಂಬದ ಬೆನ್ನಿಗೆ ಹರಿಗೋಲಿನವರೇ ಹೋಗುವುದಿಲ್ಲ.