ಗಾಡ್ಜಿಲ್ಲಾನ ಹೆಜ್ಜೆ, ಲೋಕಾಪುರದ ಕಲ್ಲು

1954ರ ಜಪಾನಿ ಚಿತ್ರ ‘ಗಾಡ್ಜಿಲ್ಲಾ’ ನೋಡಿದವರಿಗೆ, ಕಡಲಿನಿಂದೆದ್ದ 50 ಮೀಟರ್ ಎತ್ತರದ ದೈತ್ಯ ಟೋಕಿಯೊವನ್ನು ತುಳಿಯುವುದೇ ಕಣ್ಣಿಗೆ ಕಟ್ಟಿರುತ್ತದೆ. ನನಗೆ ಇಷ್ಟವಾದದ್ದು ಅದಕ್ಕೂ ಮೊದಲಿನ ಒಂದು ಸಣ್ಣ ದೃಶ್ಯ. ಒಂದು ದ್ವೀಪದಲ್ಲಿ ಮೂಡಿದ ಭಾರಿ ಹೆಜ್ಜೆಗುರುತಿನೊಳಗೆ ಚಿತ್ರದ ಪ್ರಾಗ್ಜೀವಿ ವಿಜ್ಞಾನಿ ಡಾ. ಯಮಾನೆಗೆ ಒಂದು ಟ್ರೈಲೊಬೈಟ್ ಸಿಗುತ್ತದೆ. ಅಂಗೈಯಗಲದ ಆ ಕಡಲಜೀವಿಯ ಜಾಡು ಹಿಡಿದು ಅವರು ದೈತ್ಯನ ಕಾಲ ಹೇಳುತ್ತಾರೆ. ಲೆಕ್ಕವೇನೋ ತಪ್ಪು. ಜುರಾಸಿಕ್ ಯುಗ 20 ಲಕ್ಷ ವರ್ಷ ಹಿಂದಿನದು ಎಂದುಬಿಡುತ್ತಾರೆ. ಅದು ಮುಗಿದು 14 ಕೋಟಿ ವರ್ಷ ದಾಟಿದೆ. ಟ್ರೈಲೊಬೈಟ್‌ಗಳು ಅಳಿದದ್ದು ಇನ್ನೂ ಹಿಂದೆ, ಸುಮಾರು 25 ಕೋಟಿ ವರ್ಷಗಳ ಕೆಳಗೆ. ಆದರೂ ಅವರು ಹಿಡಿದ ದಾರಿ ಸರಿಯಾದದ್ದು.

ಸಣ್ಣ ಜೀವಿಯ ಜಾಡಿನಿಂದ ಕಾಲವನ್ನು ಓದುವ ಅದೇ ದಾರಿಯಲ್ಲಿ ಮುಧೋಳ ತಾಲ್ಲೂಕಿನ ಲೋಕಾಪುರಕ್ಕೆ ಬನ್ನಿ. ಸಿಮೆಂಟಿಗೆಂದು ಅಗೆಯುವ ಇಲ್ಲಿನ ಸುಣ್ಣದ ಕಲ್ಲು ಆಳವಿಲ್ಲದ ಕಡಲ ತಳದಲ್ಲಿ ಕೂತ ಕೆಸರು. ಭೂವಿಜ್ಞಾನಿಗಳು ಈ ಶಿಲಾಸಮೂಹಕ್ಕೆ ಘಟಪ್ರಭೆಯ ದಂಡೆಯ ಕಲಾದಗಿಯ ಹೆಸರಿಟ್ಟಿದ್ದಾರೆ. ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಉತ್ತರಕ್ಕೆ ಸರಿದಂತೆ ಇದು ದಖನ್ ಲಾವಾದ ಅಡಿಗೆ ಇಳಿಯುತ್ತದೆ. ಆ ಲಾವಾ ಹರಿದದ್ದು ಕೇವಲ 6.6 ಕೋಟಿ ವರ್ಷಗಳ ಹಿಂದೆ!

ಈ ಕಡಲಿನಲ್ಲಿ ದೈತ್ಯರಿರಲಿಲ್ಲ. ಮೀನೂ ಇರಲಿಲ್ಲ, ಟ್ರೈಲೊಬೈಟೂ ಇನ್ನೂ ಹುಟ್ಟಿರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಸಯನೋಬ್ಯಾಕ್ಟೀರಿಯಾ. ಅವು ತಳದ ಮೇಲೆ ಲೋಳೆಯಂಥ ಚಾಪೆ ಹಾಸುತ್ತಿದ್ದವು. ತೇಲಿಬಂದ ಕಣಗಳು ಅದಕ್ಕೆ ಅಂಟುತ್ತಿದ್ದವು, ಸುಣ್ಣ ಗಟ್ಟಿಯಾಗುತ್ತಿತ್ತು, ಬೆಳಕಿಗಾಗಿ ಜೀವಿಗಳು ಮೇಲೇರಿ ಮತ್ತೊಂದು ಚಾಪೆ ಹಾಸುತ್ತಿದ್ದವು. ಹೀಗೆ ಪದರದ ಮೇಲೆ ಪದರ ಬೆಳೆದ ಕಲ್ಲೇ ಸ್ಟ್ರೋಮ್ಯಾಟೊಲೈಟ್. ಅಡ್ಡ ಸೀಳಿದ ಉಳ್ಳಾಗಡ್ಡಿಯ ಅರ್ಧ ಭಾಗವನ್ನು ಬೋರಲು ಇಟ್ಟಂತೆ ಅದರ ಗೆರೆಗಳು ಬಾಗಿರುತ್ತವೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಇವು ಜೀವಂತವಾಗಿ ಬೆಳೆಯುತ್ತಿವೆ.

ಗಾಡ್ಜಿಲ್ಲಾನಂಥ ಐವತ್ತು ಮೀಟರಿನ ಪ್ರಾಣಿ ನಿಜಕ್ಕೂ ಇದ್ದರೆ ತನ್ನ ಭಾರಕ್ಕೇ ಕುಸಿಯುತ್ತದೆ. ಎತ್ತರ ಇಮ್ಮಡಿಯಾದರೆ ತೂಕ ಎಂಟು ಪಟ್ಟು, ಮೂಳೆಯ ಬಲ ನಾಲ್ಕೇ ಪಟ್ಟು. ಗೆಲಿಲಿಯೊ 1638ರಲ್ಲೇ ಈ ತತ್ವವನ್ನು ಬರೆದಿಟ್ಟ. ಈ ಸಣ್ಣ ಜೀವಿಗಳ ಪೂರ್ವಜರಾದರೋ ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ಉಗುಳುತ್ತಾ ಇಡೀ ಭೂಮಿಯ ಗಾಳಿಯನ್ನೇ ಬದಲಿಸಿದವು. ನಾವು ಉಸಿರಾಡುತ್ತಿರುವುದು ಅದನ್ನೇ.

ರಾಜಸ್ಥಾನದ ಝಾಮರ್‌ಕೋಟ್ರಾದ ಸ್ಟ್ರೋಮ್ಯಾಟೊಲೈಟ್ ಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಲಾಗಿದೆ. ಲೋಕಾಪುರದ ಕಡೆ ಹೊಲದ ಬದುವಿನಲ್ಲೋ ಹಾಸುಗಲ್ಲಿನಲ್ಲೋ ಬಾಗಿದ ಪದರ ಕಂಡರೆ ಒಡೆಯಬೇಡಿ. ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೊ ತೆಗೆದು, ಊರಿನ ಶಾಲೆಯ ವಿಜ್ಞಾನ ಮೇಷ್ಟ್ರಿಗೆ ತೋರಿಸಿ.